ಅಗಾಥಾ ಬಿಡಿಸಿದ ನರಗಳು

ವುಡ್ಸ್ ಹೋಲ್
ಜೂನ್ 19

ಪ್ರೀತಿಯ ಯೂನಿಸ್,

ನಿನ್ನ ಪತ್ರಗಳಿಗೆ ಉತ್ತರ ಬರೆಯದೆ ವಸಂತವೇ ಕಳೆದುಹೋಯಿತು. ಬೈಯುವಷ್ಟು ಬೈದುಬಿಡು. ಬೆರಳಿಗೆ ಚಾಕು ತಗುಲಿದೆ, ಹಾಗಾಗಿ ನಾನು ಹೇಳುತ್ತಿದ್ದೇನೆ, ಡುವಾರ್ಟೆ ಬರೆಯುತ್ತಿದ್ದಾನೆ. ನಮ್ಮ ಪ್ರಯೋಗಾಲಯದಲ್ಲಿ ನೀನು ಬಿಟ್ಟುಹೋದ ಮೇಜಿನಲ್ಲಿ ಈಗ ಕೂರುವವನು ಇವನೇ. ಅಕ್ಷರ ಚೆನ್ನಾಗಿದೆ, ಹಾಡು ಮಾತ್ರ ಸಹಿಸಲಾಗದು.

ಮಸಿ ಉಗುಳುವ ನಮ್ಮ ಬೊಂಡಾಸ (ಸ್ಕ್ವಿಡ್) ಮೀನಿನ ದೋಣಿ ಈಗಲೂ ಬೆಳಗ್ಗೆಯೇ ಬರುತ್ತದೆ. ಮೀನಿನ ದಪ್ಪ ನರವನ್ನು ಚಾಕುವಿನಿಂದ ಬಿಡಿಸಿ, ತಿರುಳನ್ನು ಗಾಜಿನ ಮೇಲೆ ಹಿಂಡಿ, ಅದರೊಳಗೆ ಪುಟ್ಟ ಪೊರೆಚೀಲಗಳು ಸರಕು ಹೊತ್ತು ಓಡುವುದನ್ನು ನೋಡುತ್ತಾ ಕುಳಿತರೆ ನನಗೆ ಊಟದ ನೆನಪೂ ಆಗುವುದಿಲ್ಲ. ಅವಕ್ಕೆ ನಿಲ್ಲು, ಹೊರಡು ಎಂದು ಸನ್ನೆ ಕೊಡುವ ಕಿಣ್ವಗಳಲ್ಲಿ ಒಂದನ್ನು ಹಿಡಿದಿದ್ದೆವು. ಕೈಕಾಲು ನಡುಗುವ ಕಾಯಿಲೆಯ ಕೆಲವರಲ್ಲಿ ಅತಿಯಾಗಿ ದುಡಿಯುವ ಕಿಣ್ವ ಅದು. ತಿರುಳಿಗೆ ಹಾಕಿದೊಡನೆ ಓಡಾಟ ನಿಂತುಬಿಡುತ್ತಿತ್ತು. ಡುವಾರ್ಟೆ ಪ್ರಬಂಧವನ್ನೂ ಬರೆದು ಮುಗಿಸಿದ. ಅವನ ಕೆಲಸ ಕಾಯಂ ಆಗುವುದು ಅದರ ಮೇಲೆಯೇ ನಿಂತಿತ್ತು.

ಆದರೆ ಕಿಣ್ವ ಹಾಕುವ ನರಗಳನ್ನೆಲ್ಲ ನಾನು ಬಿಡಿಸಿದ್ದೆ, ಹಾಕದವನ್ನು ಅವನು. ನಿನ್ನೆ ಸರದಿ ಬದಲಿಸೋಣ ಎಂದೆ. ಅವನು ಬಿಡಿಸಿದ್ದರಲ್ಲಿ ಕಿಣ್ವ ಹಾಕಿದರೂ ಚೀಲಗಳು ಓಡಿದವು. ನಾನು ಬಿಡಿಸಿದ್ದರಲ್ಲಿ ಹಾಕದೆಯೇ ನಿಂತವು. ಅಂದರೆ ಓಡಾಟ ನಿಲ್ಲಿಸುತ್ತಿದ್ದುದು ಕಿಣ್ವವಲ್ಲ, ನಾನು ನರ ಬಿಡಿಸಿದ ರೀತಿ.

"ಈ ವರ್ಷದ ಮೀನೇ ಸರಿಯಿಲ್ಲ ಬಿಡಿ, ಅಗಾಥಾ," ಎಂದ, ಇದನ್ನು ಬರೆಯುತ್ತಲೇ. "ನೀವು ನರ ಕೆಡಿಸೋದಾ? ಸಮುದ್ರ ಬತ್ತಿದ್ರೂ ನಾನು ನಂಬಲ್ಲ."

"ಬಾಯಿ ಮುಚ್ಕೊಂಡು ಬರಿ" ಎಂದೆ. ಅದನ್ನೂ ಬರೆದಿದ್ದಾನೆ ನೋಡು. ಪ್ರಬಂಧ ಕಳಿಸಬೇಡ ಎಂದಿದ್ದಕ್ಕೆ ಮುಖ ಊದಿಸಿಕೊಂಡಿದ್ದಾನೆ.

ನರ ಕೆಡಿಸಿದವರೇ ಅಡುಗೆಗೆ ಮೀನು ತೊಳೆಯಬೇಕೆಂಬ ನಮ್ಮ ಕಟ್ಟಳೆ ಇನ್ನೂ ನಡೆದಿದೆ. ಬೆಳ್ಳುಳ್ಳಿ ಹಾಕಿ ಹುರಿದದ್ದನ್ನು ತಿನ್ನಲು ಎಲ್ಲರೂ ಬರುತ್ತಾರೆ, ಮಸಿ ತೊಳೆಯಲು ಯಾರೂ ಇಲ್ಲ.

ನಿನ್ನ ಮಂಡಿನೋವು ಇಳಿಯಲಿ. ಮೊಮ್ಮಗಳು ನಿನ್ನಷ್ಟೇ ಹಟಮಾರಿಯಾಗಿ ಬೆಳೆಯಲಿ.

ನಿನ್ನ
ಅಗಾಥಾ

ಮರೆತ ಮಾತು: ಡುವಾರ್ಟೆ ಮನೆಗೆ ಹೋದ. ಈ ಸೊಟ್ಟ ಅಕ್ಷರ ನನ್ನದು. ಬೆರಳಿಗೆ ಏನೂ ಆಗಿಲ್ಲ. ಕೈ ನಡುಗುತ್ತಿದೆ, ಯೂನಿಸ್. ಚಾಕು ನರಕ್ಕೆ ಕಣ್ಣಿಗೆ ಕಾಣದ ಗೀರು ಹಾಕುತ್ತದೆ, ಉಪ್ಪುನೀರು ಒಳಗೆ ಇಳಿದು ಓಡಾಟ ನಿಲ್ಲುತ್ತದೆ. ವೈದ್ಯರು ವಸಂತದಲ್ಲೇ ಹೆಸರು ಹೇಳಿದ್ದರು, ನಾವು ಬೆನ್ನುಹತ್ತಿರುವ ಅದೇ ಕಾಯಿಲೆ. ಇಷ್ಟು ಬೇಗ ಚಾಕು ಕೈತಪ್ಪುತ್ತದೆ ಎಂದುಕೊಂಡಿರಲಿಲ್ಲ. ನನಗೆ ಭಯವಾಗಿದೆ. ಆ ಹುಚ್ಚಪ್ಪ ಇನ್ನೂ ಮೀನನ್ನೇ ಬೈಯುತ್ತಿದ್ದಾನೆ. ನಾಳೆ ಅವನಿಗೆ ಹೇಳಿಬಿಡುತ್ತೇನೆ. ಈ ಬೇಸಿಗೆ ಪೂರ್ತಿ ಮೀನು ತೊಳೆಯುವ ಸರದಿ ನನ್ನದು. ಅದಕ್ಕೆ ಕೈ ನಡುಗಿದರೂ ನಡೆಯುತ್ತದೆ.