ಬುಧಗ್ರಹದ ಗುಂಡಿ ಮತ್ತು ದೊಡ್ಡಪ್ಪ

ಶ್ರೀಮದ್ ಉರಿಗಾಂ ಸಂಸ್ಥಾನದ ಪಾತಾಳಾಧೀಶ್ವರ, ಬಂಡೆಮರ್ದನ, ಬೀಡಿಧೂಮ ವಿರಾಜಿತ, ಮಾರಿಕುಪ್ಪಂ-ಬಂಗಾರಪೇಟೆ ರೈಲಿನ ಕೊನೆಯ ಬೋಗಿಯ ಏಕೈಕ ಸಾರ್ವಭೌಮ, ನಮ್ಮ ದೊಡ್ಡಪ್ಪನವರ ದಿವ್ಯ ಪಾದಗಳಿಗೆ ತಮ್ಮನ ಮಗಳಾದ ತರಲೆ ಶಿಖಾಮಣಿ ಅಡ್ಡಬಿದ್ದು ಮಾಡಿಕೊಳ್ಳುವ ವಿಜ್ಞಾಪನೆ.

ನಗಬೇಡ ದೊಡ್ಡಪ್ಪ, ಕೆಮ್ಮು ಬರುತ್ತೆ. ಈಗ ಬರುವುದಿಲ್ಲ, ಅಲ್ಲವೇ? ತಿಥಿ ಮುಗಿದು ನೆಂಟರೆಲ್ಲ ಹೋದರು. ನನ್ನ ಕೈ ಮಾತ್ರ ಬೆಳಿಗ್ಗೆ ಎದ್ದ ಕೂಡಲೇ ನಿನ್ನ ಬಿಸಿನೀರಿನ ಲೋಟಕ್ಕೆ ಹೋಗುತ್ತದೆ.

ನಿನ್ನನ್ನು ನೆನೆದರೆ ಮೊದಲು ಬರುವುದು ಆ ರೈಲು. ನೀನು ದುಡಿದ ಚಿನ್ನದ ಗಣಿ ನಿನಗೆ ಉಳಿಸಿದ್ದು ಎರಡೇ: ಎದೆಯೊಳಗಿನ ಧೂಳು ಮತ್ತು ಒಂದು ಮಾತು. ನಾನು ಬಂಗಾರಪೇಟೆಯ ಕಾಲೇಜಿಗೆ ಹೊರಟರೆ, ಹಳ್ಳಿಯ ಹೊಲ ನೋಡುವ ನೆಪದಲ್ಲಿ ನೀನೂ ಹತ್ತುತ್ತಿದ್ದೆ. ಎದುರಿಗೆ ಯಾರು ಕೂತರೂ ಸರಿ. “ದೇವ್ರು ಮಾಡಿರೋ ಸೃಷ್ಟಿನಾಗೇ ನಮ್ ಗಣಿಗಿಂತ ಆಳದ ಗುಂಡಿ ಇಲ್ಲ ಕಣಪ್ಪ. ಅದ್ರ ತಳ ಮುಟ್ಟಿ ಬಂದೋನು ನಾನು!” ಅದನ್ನು ಹೇಳುವಷ್ಟು ಹೊತ್ತು ನೀನು ಕೆಮ್ಮುತ್ತಿರಲಿಲ್ಲ. ನಿನಗೆ ಗೊತ್ತಿತ್ತಾ?

ಆ ಸೋಮವಾರ ಬೋಗಿ ತುಂಬಿತ್ತು. ಪಕ್ಕದವರ ಪತ್ರಿಕೆಯಲ್ಲಿ ಗಗನನೌಕೆಯೊಂದು ತೆಗೆದ ಬುಧಗ್ರಹದ ಚಿತ್ರವಿತ್ತು. ಸಿಡುಬೆದ್ದ ಮುಖದಂತೆ ತುಂಬಾ ಗುಂಡಿಗಳು, ಅದರಲ್ಲಿ ಒಂದು ಭಾರೀ ದೊಡ್ಡದು. ನಿನ್ನ ಮಾತು ನೂರನೇ ಸಲ ಶುರುವಾಗಿತ್ತು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮಂತ್ರಿಗಳ ಗತ್ತಿನಲ್ಲಿ ಘೋಷಿಸಿದೆ: “ಮಹಾಜನರೇ, ವಿಷಾದದಿಂದ ತಿಳಿಸುವುದೇನೆಂದರೆ, ಬುಧನ ಮೇಲೆ ಸಿಕ್ಕಿರುವ ಗುಂಡಿ ನಮ್ಮ ಗಣಿಯ ಎರಡರಷ್ಟು ಆಳವಿದೆ. ಆದಕಾರಣ ದೊಡ್ಡಪ್ಪನವರು ಪಟ್ಟದಿಂದ ಇಳಿಯತಕ್ಕದ್ದು.”

ಬೋಗಿಗೆ ಬೋಗಿಯೇ ನಕ್ಕಿತು. ಹೂವಿನ ಬುಟ್ಟಿಯ ಹೆಂಗಸು, “ಅಯ್ಯೋ ತಾತಾ, ನಿನ್ ಕಿರೀಟ ಓಯ್ತಲ್ಲ!” ಅಂದಳು. ನೀನೂ ನಕ್ಕೆ. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತೆ...

ಅವತ್ತು ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತು ನನ್ನನ್ನು ಕರೆದೆ.

“ಅದನ್ನ ಯಾರಮ್ಮಿ ತೋಡಿದ್ದು?”

“ಯಾರೂ ಇಲ್ಲ. ಆಕಾಶದಿಂದ ಒಂದು ಬಂಡೆ ಬಂದು ಬಡೀತಂತೆ.”

“ಒಂದೇ ಏಟಿಗಾ?”

“ಊಂ, ಒಂದೇ ಏಟಿಗೆ.”

“ನಾವು ಮೂರು ತಲೆಮಾರು ತೋಡಿದ್ವಲ್ಲಮ್ಮಿ...”

ನಾನು ನಗುತ್ತಾ ಒಳಗೆ ಹೋದೆ. ಹೇಗೆ ಹೋದೆ ದೊಡ್ಡಪ್ಪ, ಅಷ್ಟು ಸಲೀಸಾಗಿ?

ಆಮೇಲೆ ರೈಲಿನಲ್ಲಿ ನೀನು ಆ ಮಾತು ಎತ್ತಲಿಲ್ಲ. ನಾನೇ ಎದುರಿಗಿದ್ದವರಿಗೆ, “ಗಣಿ ವಿಷ್ಯ ನಮ್ ದೊಡ್ಡಪ್ಪನ್ನ ಕೇಳಿ” ಎಂದು ಕೆಣಕಿ ನೋಡಿದೆ. “ಅದರಾಗೇನೈತೆ ಬಿಡಮ್ಮಿ” ಎಂದುಬಿಟ್ಟೆ ನೀನು. ಕೆಮ್ಮಿದೆ. ಬಂಗಾರಪೇಟೆಯವರೆಗೂ ಕೆಮ್ಮಿದೆ.

ಕೊನೆಯ ವಾರ, ನಿನ್ನ ಜೊತೆ ಗಣಿಗೆ ಇಳಿಯುತ್ತಿದ್ದ ಪಿಳ್ಳಪ್ಪ ಮಾವ ನೋಡಲು ಬಂದಿದ್ದರು. ನಿನ್ನ ಅಂಗಾಲು ಒತ್ತುತ್ತಾ, “ಎಲ್ರಿಗಿಂತ ಕೆಳಕ್ಕೆ ಓಗಿ ಬಂದೋನು ನೀನು. ಈ ಮಂಚದಿಂದ ಏಳೋದು ಒಂದ್ ಲೆಕ್ಕಾನಾ?” ಅಂದರು. ನೀನು ಉಸಿರು ಕೂಡಿಸಿಕೊಂಡು ಅವರನ್ನು ತಿದ್ದಿದೆ.

“ಇಲ್ಲ ಕಣ್ಲಾ ಪಿಳ್ಳ. ಬುಧನಾಗೆ ಇನ್ನೊಂದೈತೆ. ನಮ್ದು ಅದ್ರಾಗೆ ಅರ್ಧ.”

“ಅದು ಬೇರೆ ಲೋಕ ಬಿಡು.”

“ಗುಂಡಿ ಗುಂಡಿನೇ. ನಮ್ ಅಮ್ಮಣ್ಣಿ ಪೇಪರ್‌ನಾಗೆ ನೋಡಿ ಏಳವಳೆ. ಓದಿರೋ ಮಗ, ಸುಳ್ಳೇಳಲ್ಲ.”

ನಾನು ಬಾಗಿಲಲ್ಲೇ ಇದ್ದೆ. ಬಾಯಿ ತೆರೆದೆ. ಗಂಜಿ ಉಕ್ಕುತ್ತಿದೆ ಎಂದು ಒಳಗೆ ಓಡಿದೆ. ಒಲೆ ಹಚ್ಚಿಯೇ ಇರಲಿಲ್ಲ.

ನಾಳೆಯಿಂದ ಮತ್ತೆ ಕಾಲೇಜು. ಅದೇ ಬೋಗಿ ಹತ್ತುತ್ತೇನೆ. ನಮ್ಮ ದೊಡ್ಡಪ್ಪ ಎಲ್ಲಿಯವರೆಗೆ ಇಳಿದು ಬಂದ ಎಂದು ಎದುರಿಗೆ ಕೂತವರಿಗೆಲ್ಲ ಹೇಳುತ್ತೇನೆ. ಯಾರಾದರೂ ಬುಧನ ಹೆಸರೆತ್ತಿದರೆ ಜಗಳಕ್ಕೇ ನಿಲ್ಲುತ್ತೇನೆ. ಯಾವ ಧೈರ್ಯದ ಮೇಲೆ, ಅನ್ನುತ್ತೀಯಾ?

ಆ ಪತ್ರಿಕೆಯಲ್ಲಿ ಇದ್ದದ್ದು ಗುಂಡಿಯ ಅಗಲ ಮಾತ್ರ ದೊಡ್ಡಪ್ಪ. ಆಳ ಎಷ್ಟೆಂದು ಇನ್ನೂ ತಿಳಿದಿಲ್ಲ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದರು. ಎರಡರಷ್ಟು ಎಂದು ಸೇರಿಸಿದ್ದು ನಾನು.