ನಾಲ್ಕು ಹೆಜ್ಜೆಯ ಪಂದ್ಯ

ಮಂಗಳವಾರ, ಹದಿನಾಲ್ಕನೇ ತಾರೀಖು. ರಾತ್ರಿ.

ಸುಳ್ಳು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಪೊಲೀಸರೇ ನನ್ನ ಸೈಕಲ್ ಅಂಗಡಿಗೆ ಬಂದು ಸಲಹೆ ಕೇಳುತ್ತಾರೆ.

ಬೆಳಿಗ್ಗೆ ಅಕ್ಕನ ಮಗಳು ಚಿನಕುರಳಿ ಮೆಟ್ಟಿಲಿಂದ ಬಿದ್ದು ಪಾದ ಹಿಡಿದುಕೊಂಡಳು. ಇವತ್ತು ಅವಳಿಗೆ ಗಣಿತದ ಪರೀಕ್ಷೆ. ಪರೀಕ್ಷೆಗೊಂದು ಹೊಟ್ಟೆನೋವು ಸಾಕಿದವನು ನಾನು, ನಂಬುತ್ತೇನೆಯೇ?

"ನಾಟಕ ಅಕ್ಕಾ, ಸಂಜೆಗೆ ಕುಣಿತಾಳೆ ನೋಡು," ಅಂದೆ. ಅಕ್ಕ ನನ್ನ ಮಾತು ನಂಬಿ ಕೆಲಸಕ್ಕೆ ಹೋದಳು.

ಮಧ್ಯಾಹ್ನ ಪಾದ ಊದಿತ್ತು. ಆದರೂ ಅನುಮಾನ ಹೋಗಲಿಲ್ಲ, ಅಂಗಡಿಗೆ ಹೋದೆ. ಸಂಜೆ ಬಂದು, "ನಾಲ್ಕು ಹೆಜ್ಜೆ ನಡಿ, ಹತ್ತು ಕೊಡ್ತೀನಿ," ಅಂದೆ. ಹತ್ತನ್ನು ನೂರಕ್ಕೆ ಏರಿಸಿದೆ. ಒಂದು ಹೆಜ್ಜೆ ಊರಿದವಳೇ ಗೋಡೆ ಹಿಡಿದಳು.

"ನಿನ್ನ ದುಡ್ಡು ನೀನೇ ಇಟ್ಕೋ ಮಾಮ. ಆಗಲ್ಲ."

ಬಿಡಿಗಾಸಿಗೂ ಜಗಳವಾಡುವ ಹುಡುಗಿ ದುಡ್ಡು ಬೇಡ ಅಂದಳು. ಆಗ ಹೆದರಿದೆ.

ಆಸ್ಪತ್ರೆಗೆಂದು ಅವಳನ್ನು ಸ್ಕೂಟರ್ ಹತ್ತಿಸುವಾಗಲೂ ನನ್ನ ಸೊಕ್ಕು ಇಳಿದಿರಲಿಲ್ಲ: "ಮೂಳೆಗೆ ಏಟಾಗಿದ್ರೆ ಕೇಳಿದಷ್ಟು ಕೊಡ್ತೀನಿ, ಪಂದ್ಯ."

ಮೂಳೆ ಬಿರುಕು ಬಿಟ್ಟಿತ್ತು.

"ಪಾದ ಊದಿ, ನಾಲ್ಕು ಹೆಜ್ಜೆ ಊರೋಕೂ ಆಗದಿದ್ರೆ ತಕ್ಷಣ ಕರ್ಕೊಂಡು ಬರಬೇಕು ಕಣ್ರೀ. ಯಾವಾಗ ಊದಿದ್ದು?" ಅಂದರು ಡಾಕ್ಟರಮ್ಮ.

"ಈಗಷ್ಟೇ," ಅಂದೆ.

ಚಿನಕುರಳಿ ನನ್ನನ್ನೇ ನೋಡಿದಳು. ಸುಳ್ಳು ಹಿಡಿಯುವವರ ನೋಟ ಅದು.

ಪಂದ್ಯದಲ್ಲಿ ಐವತ್ತು ಸೋತೆ ಎಂದು ಅಕ್ಕನಿಗೆ ಹೇಳಿದ್ದೇನೆ. ನಿಜವಾಗಿ ಹೋದದ್ದು ಐನೂರು. ಹುಡುಗಿ ಕೇಳಿದ್ದು ಇನ್ನೂರೇ. ಮಿಕ್ಕ ಮುನ್ನೂರು, ಪಾದ ಮಧ್ಯಾಹ್ನವೇ ಊದಿತ್ತೆಂದು ಅಮ್ಮನಿಗೆ ಹೇಳದಿರಲಿ ಅಂತ ನಾನೇ ಅವಳ ಕೈಗೆ ತುರುಕಿದ್ದು.