ತೊಂಬತ್ತಾರು ಕೆಜಿ

ಬುಧವಾರ, ಜುಲೈ ೯. ಸೊರಬ.

ಆ ಹಾಳು ತೂಕದ ಯಂತ್ರ ಕೊನೆಗೂ ನಿಜ ಹೇಳಿತು. ಹೇಳದೇ ಇದ್ದಿದ್ದರೇ ಚೆನ್ನಾಗಿತ್ತು.

ನಾನು ವಾರದಿಂದ ಇಲ್ಲಿಂದ ಕೆಲಸಕ್ಕೆ ಹೋಗಿಬರುತ್ತಿರುವ ಶಿಕಾರಿಪುರದ ರೈಸ್‌ಮಿಲ್ಲಿನಲ್ಲಿ ಹೊಸ ಯಂತ್ರಗಳೆಲ್ಲ ಒಂದೇ ನೆಟ್‌ವರ್ಕಿನಲ್ಲಿವೆ. ತೂಕದ್ದೊಂದು ಮುದಿ ಯಂತ್ರ, ಅದಕ್ಕೆ ಗೊತ್ತಿರುವುದು ಹಳೆಯ ಸೀರಿಯಲ್ ಕೇಬಲ್ಲಿನ ಭಾಷೆ ಮಾತ್ರ. ನಡುವೆ ದುಭಾಷಿಯಾಗಲಿ ಎಂದು ನಾನು ಕೂರಿಸಿದ ಗೇಟ್‌ವೇ ಪೆಟ್ಟಿಗೆ ತೂಕದ ಅಂಕಿಯ ಎರಡು ತುಣುಕುಗಳನ್ನು, ಅಂದರೆ ಬೈಟುಗಳನ್ನು, ಹಿಂದುಮುಂದು ಮಾಡಿ, ನಿನ್ನೆ ಐವತ್ತು ಕೆಜಿ ಚೀಲವನ್ನು ಹನ್ನೆರಡು ಸಾವಿರದ ಎಂಟುನೂರು ಎಂದು ತೋರಿಸಿತ್ತು. ಇವತ್ತು ಸರಿಪಡಿಸಿದೆ. ಖುಷಿಯಾಗಿ ಮಾಲೀಕರು ಪಂಚಾಕ್ಷರಪ್ಪನವರು ತಾವೇ ಯಂತ್ರ ಹತ್ತಿದರು. ಗೋಡೆಯ ದೊಡ್ಡ ಬೋರ್ಡಿನಲ್ಲಿ ಕೆಂಪಗೆ ತೊಂಬತ್ತಾರು ಬಂತು. ಅದೇ ಹೊತ್ತಿಗೆ ಊಟದ ಡಬ್ಬಿ ಹಿಡಿದು ಅವರ ಹೆಂಡತಿ ಅಕ್ಕನಾಗಮ್ಮನೂ ಬಂದರು.

“ಎಂಬತ್ತೆರಡಕ್ಕೆ ಇಳಿದೀನಿ, ಬಜ್ಜಿ ಬಿಟ್ಟೀನಿ ಅಂದಿದ್ರಲ್ರೀ!”

“ನಿನ್ನೆ ಚೀಲಕ್ಕೆ ಹನ್ನೆರಡು ಸಾವಿರ ಅಂದ ಪೆಟ್ಗಿ ಇದು. ಇದರ ಮಾತು ನಂಬ್ತೀಯಾ?” ಎಂದು ಅವರು ನನಗೆ ಕಣ್ಸನ್ನೆ ಮಾಡಿದರು.

ಪೆಟ್ಟಿಗೆ ಕೆಟ್ಟಿದೆ ಎಂದರೆ ನನ್ನ ವಾರದ ಕೆಲಸ ನೀರಲ್ಲಿ ಹೋಮ. ಸರಿಯಿದೆ ಎಂದರೆ, ಕೆಲಸ ಒಪ್ಪಿ ಸಹಿ ಹಾಕಬೇಕಾದವರೇ ಸಿಕ್ಕಿಬೀಳುತ್ತಾರೆ.

“ಪೆಟ್ಟಿಗೆ ಸರಿ ಇದೆ ಅಮ್ಮಾ. ಯಜಮಾನ್ರ ಜೇಬಲ್ಲಿ ಬೀಗದಕೈ ಗೊಂಚಲು ಇತ್ತು,” ಎಂದುಬಿಟ್ಟೆ.

ಹದಿನಾಲ್ಕು ಕೆಜಿ ಬೀಗದಕೈ! ನನ್ನ ಬುದ್ಧಿಗಿಷ್ಟು.

ಅಕ್ಕನಾಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ ಹತ್ರ ಬೀಗದಕೈ ಇಲ್ವಲ್ಲ, ನೀನು ಹತ್ತವ್ವ, ನೋಡಾಣ.”

ಹತ್ತಿದೆ. ಹಮಾಲರೆಲ್ಲ ಕೆಲಸ ಬಿಟ್ಟು ಬೋರ್ಡು ನೋಡಿದರು. ಪೆಟ್ಟಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ. ಎಷ್ಟು ಬಂತೆಂದು ಇಲ್ಲೂ ಬರೆಯುವುದಿಲ್ಲ.